ಲಕ್ಕಮ್ಮನ ಗಂಟಿನ ಕೆಂಪು

ಶಿರಾ ಪೇಟೆಯಲ್ಲಿ ನಿಂತು ನಮ್ಮವ್ವನನ್ನು ಕಳ್ಳಿ ಅಂದವರು ಇವತ್ತಿನವರೆಗೆ ಒಬ್ಬರೇ, ಮಧುಗಿರಿಯ ನಂದೀಶ್ವರಯ್ಯ. ಓಲೆಗೆ, ಮೂಗುಬೊಟ್ಟಿಗೆ, ಉಂಗುರಕ್ಕೆ ಹರಳು ಒದಗಿಸುವ ವ್ಯಾಪಾರಿ. ಆ ಮಾತು ಅವರ ಬಾಯಿಂದ ಬಂದಾಗ ನಾನು ಮೂರು ಮಾರು ದೂರದಲ್ಲಿದ್ದೆ. ಆ ಮಾತನ್ನು ಹತ್ತು ಜನ ನಂಬುವ ಹಾಗೆ ಮಾಡಿದವನೂ ನಾನೇ. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಮಾತ್ರ ಹೇಳಿದರೆ ನಮ್ಮವ್ವನೇ ನನ್ನ ಕಪಾಳಕ್ಕೆ ಬಾರಿಸುತ್ತಾಳೆ.

ನಮ್ಮದು ನಿಡುಗಲ್ ಬೆಟ್ಟದ ಬುಡದ ಊರು. ಮೊದಲ ಮಳೆ ಬಿದ್ದು ಹೊಲದ ಮೇಲುಮಣ್ಣು ಕೊಚ್ಚಿಹೋದ ಮಾರನೆಯ ಬೆಳಿಗ್ಗೆ ನಮ್ಮ ಕಡೆಯ ಹೆಂಗಸರು ಮಡಿಲು ಕಟ್ಟಿಕೊಂಡು ಹೊಲಕ್ಕಿಳಿಯುತ್ತಾರೆ. ಬಿತ್ತುವುದಕ್ಕಲ್ಲ, ಕುರುಂದದ ಕಲ್ಲು ಆಯುವುದಕ್ಕೆ. ಬೂದು ಬಣ್ಣದ, ಆರು ಮೂಲೆಯ ಕಲ್ಲು ಅದು. ಗಾತ್ರ ನೋಡಿ ಎತ್ತಿದರೆ ಕೈ ಮೋಸಹೋಗುವಷ್ಟು ಭಾರ. ವಜ್ರ ಬಿಟ್ಟರೆ ಅದನ್ನು ಗೀಚುವ ಕಲ್ಲಿಲ್ಲ. ಅದನ್ನು ಕುಟ್ಟಿ ಪುಡಿ ಮಾಡಿ, ಕರಗಿಸಿದ ಅರಗಿನಲ್ಲಿ ಕಲಸಿ, ಅಚ್ಚಿಗೆ ಒತ್ತಿದರೆ ಸಾಣೆ ಚಕ್ರವಾಗುತ್ತದೆ. ಕ್ಷೌರದ ಕತ್ತಿಯಿಂದ ಮರ ಕಡಿಯುವ ಕೊಡಲಿಯವರೆಗೆ ನಾಲ್ಕು ತಾಲ್ಲೂಕಿನಲ್ಲಿ ಏನೇ ಹರಿತವಾಗಬೇಕಾದರೂ ನಮ್ಮ ಹೊಲದ ಕಲ್ಲು ಅದನ್ನು ಸವರಲೇಬೇಕು.

ಆ ಬೂದು ಕಲ್ಲುಗಳ ನಡುವೆ ಯಾವಾಗಲೋ ಒಂದೊಂದು, ಮೂಲೆ ಸವೆದು ಉಂಡೆಯಾದ ಕೆಂಪಗಿನದು ಸಿಗುತ್ತದೆ. ಬಿಸಿಲಿಗೆ ಹಿಡಿದರೆ ಒಳಗೆ ಬೆಳಕು ಹೋಗುವಂಥದ್ದು. ಜನ ಅದನ್ನು ಕೆಂಪು ಅಂತಲೇ ಕರೆಯುತ್ತಾರೆ. ಅದು ಸಾಣೆಗೆ ಹೋಗುವುದಿಲ್ಲ, ಹರಳು ವ್ಯಾಪಾರಿಗೆ ಹೋಗುತ್ತದೆ.

ಇಪ್ಪತ್ತು ಮನೆಯ ಹೆಂಗಸರು ಆಯ್ದದ್ದೆಲ್ಲ ನಮ್ಮ ಜಗಲಿಯ ಮೇಲೆ ಬಂದು ಬೀಳುತ್ತಿತ್ತು. ಯಾವುದು ಕುರುಂದ, ಯಾವುದು ಬರೀ ಬೆಣಚು ಕಲ್ಲು, ಯಾವುದು ಕೆಂಪು, ಯಾವುದು ಹಾಳು ಕೋಟೆಯ ಕಡೆಯಿಂದ ಹರಿದು ಬಂದ ಗಾಜಿನ ಚೂರು ಎಂದು ಬೇರೆ ಮಾಡುವವಳು ನಮ್ಮವ್ವ ಲಕ್ಕಮ್ಮ. ಅವಳು ಬೂದು ಕಲ್ಲನ್ನು ಮೂಟೆ ಕಟ್ಟುತ್ತಿದ್ದಳು, ಕೆಂಪನ್ನು ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟುತ್ತಿದ್ದಳು. ಶಿರಾದಲ್ಲಿ ಸಾಣೆ ಮಾಡುವ ಗುಲಾಮ್ ಮೊಹಿದ್ದೀನ್ ಸಾಬರು ಆ ಮೂಟೆಯನ್ನಾಗಲಿ ಗಂಟನ್ನಾಗಲಿ ಬಿಚ್ಚಿ ನೋಡುತ್ತಿರಲಿಲ್ಲ. ಗಂಟನ್ನು ಬಿಚ್ಚದೆ ಹಾಗೇ ನಂದೀಶ್ವರಯ್ಯನವರಿಗೆ ದಾಟಿಸುತ್ತಿದ್ದರು.

ಅವ್ವ ಕಣ್ಣನ್ನು ನೆಚ್ಚಿಕೊಂಡವಳಲ್ಲ. ಕಲ್ಲನ್ನು ಕಣ್ಣಿನ ಕೆಳಗೆ ಕೆನ್ನೆಯ ಮೇಲೆ ಒತ್ತುತ್ತಿದ್ದಳು. ಅನುಮಾನ ಬಂದರೆ ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದಳು. ಗಾಜು ಮೊದಲು ಒಂದು ಸಲ ತಣ್ಣಗೆ ತಾಗಿ ಆಮೇಲೆ ಬಾಯಿಯಷ್ಟೇ ಬೆಚ್ಚಗಾಗಿಬಿಡುತ್ತದೆ. ಕುರುಂದ ಹಾಗಲ್ಲ, ಬಾಯಿಯ ಶಾಖವನ್ನು ಕುಡಿಯುತ್ತಾ ಕುಡಿಯುತ್ತಾ ತಣ್ಣಗೇ ಉಳಿಯುತ್ತದೆ. ಇದನ್ನು ನನಗೆ ಏಳನೇ ವಯಸ್ಸಿನಲ್ಲಿ ಕಲಿಸಿದಳು. ಮೇಷ್ಟರ ಉಂಗುರದ ಕಲ್ಲು ಗಾಜು ಅಂದದ್ದಕ್ಕೆ ಬೆತ್ತ ಮುರಿಯುವವರೆಗೆ ಹೊಡೆಸಿಕೊಂಡು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅದು ಗಾಜೇ ಆಗಿತ್ತು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ ಅವ್ವನ ಕಣ್ಣಿಗೆ ಪೊರೆ ಬರಲು ಶುರುವಾಯಿತು. ಆ ಸಲದ ಕಲ್ಲಿನಲ್ಲಿ ಅರ್ಧ ಅವಳು ಆರಿಸಿದಳು, ಅರ್ಧ ನಾನು. ಕಣ್ಣು ತೋರಿಸಲು ಆಸ್ಪತ್ರೆಗೂ ಹೋದಂತಾಯಿತು ಅಂತ ಅವಳೂ ನನ್ನ ಜೊತೆ ಗಾಡಿ ಹತ್ತಿದಳು. ಕಲ್ಲುದಾರಿಯಲ್ಲಿ ಮೂರು ದಿನ ಎತ್ತಿನ ಗಾಡಿ ಕುಲುಕಿಸಿಕೊಂಡು ಶಿರಾ ಮುಟ್ಟಿದೆವು. ಮೊಹಿದ್ದೀನ್ ಸಾಬರ ಮನೆಯವರು ಖಾಜಾಬಿ ಅವ್ವನನ್ನು ಕೈಹಿಡಿದು ಹಿತ್ತಲ ಕಡೆಗೆ ಕರೆದುಕೊಂಡು ಹೋದರು. ನಾನು ಮೂಟೆ ಇಳಿಸಲು ಅಂಗಳಕ್ಕೆ ಬಂದೆ.

ಸಾಬರ ಅಂಗಳ ಬೀದಿಗೆ ತೆರೆದುಕೊಂಡಿದೆ. ಒಂದು ಕಡೆ ಅರಗು ಕಾಯಿಸುವ ಒಲೆ, ಇನ್ನೊಂದು ಕಡೆ ಒಣಗಲು ಇಟ್ಟ ಚಕ್ರಗಳು. ಕತ್ತಿ ಮಸೆಸಲು ಬಂದ ಕ್ಷೌರಿಕರು, ಮಚ್ಚು ಹಿಡಿದ ಮಾಂಸದಂಗಡಿಯವರು, ಹೀಗೆ ಯಾವಾಗಲೂ ಐದಾರು ಜನ. ನಂದೀಶ್ವರಯ್ಯ ಅಲ್ಲಿ ಮಣೆಯ ಮೇಲೂ ಕೂರದೆ ನಿಂತೇ ಇದ್ದರು.

“ಬಂದ ನೋಡಿ, ಲಕ್ಕಮ್ಮನ ಮಗ,” ಅಂದರು. “ಏನ್ಲಾ, ಈ ಸಲ ಎಷ್ಟು ಬಾಟ್ಲಿ ಒಡೆದು ತಂದಿದ್ದೀಯ?”

ನನಗೆ ತಲೆಬುಡ ಗೊತ್ತಾಗಲಿಲ್ಲ. ಸಾಬರ ಮುಖ ನೋಡಿದೆ. ಅವರು ಗಡ್ಡ ಕೆರೆದುಕೊಳ್ಳುತ್ತಾ, “ಸಿದ್ದಾ, ಸಾವ್ಕಾರ್ರು ಏನೋ ಹೇಳ್ತಾವ್ರೆ. ಹೋದ ಸಲದ ಗಂಟಲ್ಲಿ ಗಾಜು ಇತ್ತಂತೆ,” ಅಂದರು.

“ಇತ್ತಂತೆ ಅಲ್ಲ ಸಾಬ್ರೇ, ಇತ್ತು!” ನಂದೀಶ್ವರಯ್ಯ ಎಲೆಯಡಿಕೆ ಚೀಲಕ್ಕೆ ಕೈಹಾಕಿದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ವೀಳ್ಯದೆಲೆಯ ಕಟ್ಟನ್ನು ಪಕ್ಕಕ್ಕೆ ಸರಿಸಿ ಅದರಡಿಯಿಂದ ಆರು ಕೆಂಪು ಉಂಡೆ ತೆಗೆದು ಚಾಪೆಯ ಮೇಲೆ ಸುರಿದರು. “ಮದುವೆ ಮನೆ ಓಲೆ. ಅಕ್ಕಸಾಲಿ ಸಾಣೆಗೆ ಹಿಡಿದ, ಹಿಡಿದಂಗೇ ಚಕ್ಕೆ ಎದ್ದೋಯ್ತು. ಬೀಗರ ಮುಂದೆ ನನ್ನ ಮಾನ ಹೋಯ್ತು. ಒಂದೋ ಆ ಹೆಂಗಸಿಗೆ ಕಣ್ಣಿಲ್ಲ, ಇಲ್ಲಾ ಅವಳು ಕಳ್ಳಿ. ಎರಡರಲ್ಲಿ ಯಾವುದು ಅಂತ ನೀವೇ ಹೇಳ್ರಿ.”

ಆಗ ನಾನು ಕೇಳಬೇಕಾಗಿದ್ದದ್ದು ಒಂದೇ ಮಾತು: ಇವು ನಮ್ಮವು ಅಂತ ಏನು ಗ್ಯಾರಂಟಿ? ಅದು ನನಗೆ ಹೊಳೆಯಲೇ ಇಲ್ಲ. ಲಕ್ಕಮ್ಮನ ಗಂಟಿನದು ಅಂದ ಮೇಲೆ ಅದು ಗಾಜಾಗಿರಲು ಸಾಧ್ಯವೇ ಇಲ್ಲ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಒಂದು ಉಂಡೆಯನ್ನು ಕಿತ್ತುಕೊಂಡು ನಾಲಿಗೆಗೆ ಇಟ್ಟೆ. ಮಂಜಿನಂತೆ ತಣ್ಣಗಿತ್ತು. ಇನ್ನೊಂದನ್ನು ಇಟ್ಟೆ, ಅದೂ ತಣ್ಣಗಿತ್ತು.

“ಕಲ್ಲು!” ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. “ಅಪ್ಪಟ ಕಲ್ಲು ಇದು! ನಿಮ್ಮ ಅಕ್ಕಸಾಲಿಗೆ ಕೈ ನಡುಗಿದ್ರೆ ನಮ್ಮವ್ವ ಏನು ಮಾಡ್ತಾಳೆ?”

“ಗ್ಯಾರಂಟಿನೇನ್ಲಾ?”

“ಗ್ಯಾರಂಟಿ. ಗಾಜಾದ್ರೆ ಈ ಮೀಸೆ ಬೋಳಿಸ್ಕೊತೀನಿ.”

ನನಗೆ ಆಗಿನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. ಕ್ಷೌರಿಕರಲ್ಲಿ ಒಬ್ಬ, “ನಾನಿಲ್ಲೇ ಇವ್ನಿ, ಕತ್ತಿನೂ ಮಸೆಸಿ ಆಯ್ತು,” ಅಂದ. ಎಲ್ಲರೂ ನಕ್ಕರು.

ನಂದೀಶ್ವರಯ್ಯ ನಗಲಿಲ್ಲ. ಅರಗು ಒಡೆಯುವ ಸುತ್ತಿಗೆ ಎತ್ತಿ, ನಾನು ನಾಲಿಗೆಗೆ ಇಟ್ಟಿದ್ದ ಉಂಡೆಯನ್ನೇ ಕಲ್ಲಿನ ಮೇಲೆ ಇಟ್ಟು ಒಂದೇ ಏಟು ಹೊಡೆದರು. ಒಂದು ಚೂರು ನನ್ನ ಕಾಲ ಬುಡಕ್ಕೆ ಬಂದು ಬಿತ್ತು. ಎತ್ತಿಕೊಂಡೆ. ಒಡೆದ ಕಡೆ ಕಪ್ಪೆಚಿಪ್ಪಿನ ಒಳಮೈಯಂತೆ ಬಳುಕಿಕೊಂಡು ಹೋಗಿತ್ತು. ನಡುವೆ ಸಾಸಿವೆಗಿಂತ ಸಣ್ಣದೊಂದು ಗಾಳಿಗುಳ್ಳೆ. ಕುರುಂದದ ಹೊಟ್ಟೆಯಲ್ಲಿ ಗುಂಡಗಿನ ಗುಳ್ಳೆ ಯಾವತ್ತೂ ಇರುವುದಿಲ್ಲ.

ಗಾಜು.

“ನೋಡ್ದ್ರಾ ಸಾಬ್ರೇ?” ನಂದೀಶ್ವರಯ್ಯನ ದನಿ ಈಗ ಮೆತ್ತಗಾಯಿತು, ಅದೇ ಹೆಚ್ಚು ಚುಚ್ಚಿತು. “ಗಾಜನ್ನ ಬಾಯಲ್ಲಿಟ್ಕೊಂಡು ಕಲ್ಲು ಅಂತಾನೆ. ಇವ್ನಿಗೆ ಕಲಿಸಿದೋಳಿಗೆ ಎಷ್ಟು ಗೊತ್ತಿರ್ಬೇಕು?”

ಸಾಬರು ಸಿಡಿದ ಚೂರುಗಳನ್ನು ಗುಡಿಸಿ ಪಕ್ಕಕ್ಕೆ ಮಾಡಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: “ಸಿದ್ದಾ, ಬೇಜಾರು ಮಾಡ್ಕೋಬೇಡ. ಮುಂದಿನ ಮಳೆಯಿಂದ ಕಲ್ಲು ಹಂಗೇ ತಂದು ಹಾಕ್ಬಿಡಿ. ಆರಿಸೋದು ಇಲ್ಲಿ ನಮ್ಮ ಆಳುಗಳೇ ಮಾಡ್ಕೊತಾರೆ.”

ಅಷ್ಟೇ. ನಮ್ಮವ್ವ ಮೂವತ್ತು ವರ್ಷ ಕೂತಿದ್ದ ಜಾಗದಿಂದ ಅವಳನ್ನು ಎಬ್ಬಿಸಲು ಅಷ್ಟು ಮಾತು ಸಾಕಾಯಿತು. ಇನ್ನು ಇಪ್ಪತ್ತು ಮನೆಯವರು ನಮ್ಮ ಜಗಲಿಗೆ ಬರಬೇಕಾಗಿಲ್ಲ. ಲಕ್ಕಮ್ಮ ಕೈಯಿಟ್ಟಳು ಅನ್ನುವ ಮಾತಿಗೆ ಇನ್ನು ಬೆಲೆಯಿಲ್ಲ. ನಾನು ಸುತ್ತಿಗೆ ಕಸಿಯಲು ನಂದೀಶ್ವರಯ್ಯನ ಮೇಲೆ ನುಗ್ಗಿದೆ. ಯಾಕೆ ಅಂತ ನನಗೇ ಗೊತ್ತಿಲ್ಲ. ಇಬ್ಬರು ಹಿಂದಿನಿಂದ ನನ್ನ ರಟ್ಟೆ ಹಿಡಿದುಕೊಂಡರು.

“ಏನ್ರಾ ಅದು ಗಲಾಟಿ?”

ಅವ್ವ ಖಾಜಾಬಿಯ ಭುಜ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಆ ‘ರಾ’ ತೆಲುಗಿನದು. ನಮ್ಮ ಕಡೆಯವರ ಬಾಯಲ್ಲಿ ಕನ್ನಡದ ನಡುವೆ ತೆಲುಗು ನುಸುಳುತ್ತದೆ, ಅದರಲ್ಲೂ ಗಾಬರಿಯಾದಾಗ. ಆದರೆ ಅವಳಿಗೆ ಗಾಬರಿಯಾದಂತೆ ಕಾಣಲಿಲ್ಲ. ಸಾಬರು ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ನಾನು ಕಲ್ಲು ಅಂತ ಕೂಗಿದ್ದನ್ನೂ ಹೇಳಿದರು. ನಾನು ತಲೆ ಎತ್ತಲಿಲ್ಲ.

ಅವ್ವ ಬಂದು ಚಾಪೆಯ ಮೇಲೆ ಕೂತು ಉಳಿದ ಐದು ಉಂಡೆಗಳನ್ನು ಮಡಿಲಿಗೆ ಹಾಕಿಕೊಂಡಳು. ಒಂದನ್ನು ಮೂಗಿನ ಹತ್ತಿರ ಹಿಡಿದಳು.

“ಸಾವ್ಕಾರ್ರೇ, ಎಲೆ ಎಲ್ಲೀದು? ಘಮಘಮ ಅಂತೈತೆ.”

“ಎಲೆ ಮಾತು ಯಾಕಮ್ಮ ಈಗ?”

“ಇವು ಎಲೆ ಜೊತೆ ಇದ್ವು, ಅದಕ್ಕೆ. ಒದ್ದೆ ಅರಿವೆ ಒಳಗೆ ಇಟ್ರೆ ಬೆಲ್ಲದುಂಡೆನೂ ತಣ್ಣಗಿರ್ತೈತೆ.” ನನ್ನ ಕಡೆ ತಿರುಗಿದಳು. ಪೊರೆ ಬಂದ ಆ ಕಣ್ಣು ನನ್ನ ಮುಖ ಹುಡುಕಿಕೊಂಡು ಬಂತು. “ಒರೆಸಿದ್ಯೇನ್ಲಾ? ನೆಳ್ಳಾಗೆ ಇಟ್ಟಿದ್ಯಾ? ಇಲ್ಲ. ಸಿಟ್ಟಲ್ಲಿ ಬಾಯಿ ಕೆಂಡ ಮಾಡ್ಕೊಂಡು ನಾಲಿಗೆಗೆ ಹಾಕ್ದೆ. ಅಂಥ ಬಾಯಿಗೆ ಏನಿಟ್ರೂ ತಣ್ಣಗೇ ತಾಗ್ತೈತೆ. ಮೊದ್ಲು ನೀರು ಕುಡೀಬೇಕು ಕಣ್ಲಾ ದಡ್ಡ ಮುಂಡೇದೇ.”

ಜನ ನಕ್ಕರು. ಅವಳು ಐದನ್ನೂ ಸೆರಗಿನಲ್ಲಿ ಒರೆಸಿದಳು. ನಮ್ಮ ಹೊಸ ಗಂಟಿನಿಂದ ಮೂರು ಕೆಂಪು ತೆಗೆಸಿ, ಎಲ್ಲವನ್ನೂ ಖಾಜಾಬಿಯ ಮೊರದ ತವುಡಿನ ಮೇಲೆ ಬೆರೆಸಿ, ಎಲ್ಲಕ್ಕೂ ಒಂದೇ ಶಾಖ ಬರಲಿ ಅಂತ ನೆರಳಿನಲ್ಲಿ ಇಡಿಸಿದಳು. ಆಮೇಲೆ ಯಾರಿಗೂ ಏನೂ ಹೇಳದೆ ಸಂಚಿ ಬಿಚ್ಚಿ ಒಂದು ಎಲೆಯಡಿಕೆ ಹಾಕಿಕೊಂಡು ಮೆಲ್ಲಲು ಕೂತಳು. ಬೀದಿಯಲ್ಲಿ ಇನ್ನೂ ನಾಲ್ಕು ಜನ ಸೇರಿದರು. ಮಧುಗಿರಿಯ ಸಾವ್ಕಾರರು ಕಾಯಬೇಕಾಯಿತು. ನನ್ನ ರಟ್ಟೆ ಹಿಡಿದಿದ್ದವರೂ ಬಿಟ್ಟು ಮುಂದೆ ಬಗ್ಗಿದರು.

ಎಲೆ ಉಗಿದು, ಬಾಯಿ ಮುಕ್ಕಳಿಸಿ ಅವ್ವ ಮೊರ ಎಳೆದುಕೊಂಡಳು. ಕಣ್ಣು ಮುಚ್ಚಿಕೊಂಡಳು. ಒಂದೊಂದನ್ನೇ ಕೆನ್ನೆಗೆ ಒತ್ತುತ್ತಾ ಎಡಕ್ಕೊಂದು ಬಲಕ್ಕೊಂದು ಇಡುತ್ತಾ ಹೋದಳು. “ಗಾಜು. ಗಾಜು. ಕಲ್ಲು. ಗಾಜು. ಕಲ್ಲು. ಇದು... ತಡಿ. ಗಾಜು. ಕಲ್ಲು. ಗಾಜು.” ಎಡಕ್ಕೆ ಐದು, ಬಲಕ್ಕೆ ಮೂರು. ಬಲದಲ್ಲಿದ್ದದ್ದು ನಮ್ಮ ಮೂರೇ. ಕಣ್ಣಿದ್ದ ನಾವೆಲ್ಲ ಬಗ್ಗಿ ನೋಡಿ ನೋಡಿ ಹೋಲಿಸಬೇಕಾಯಿತು.

“ಸರಿ ಕಣಮ್ಮ,” ನಂದೀಶ್ವರಯ್ಯ ಅಂದರು. “ಗಾಜು ಅಂತ ನಾನೇ ಹೇಳಿದ್ದು. ನಿಂಗೆ ಗೊತ್ತಾಗ್ತದೆ ಅಂತನೂ ಒಪ್ಪಿದೆ. ಹಂಗಾದ್ರೆ ಇನ್ನೂ ತಪ್ಪಾಯ್ತಲ್ಲ? ಗೊತ್ತಿದ್ದೂ ಕಟ್ಟಿ ಕಳಿಸ್ದೆ ಅಂತಾಯ್ತು.”

ಅವರು ಹೇಳಿದ್ದು ಸರಿಯಿತ್ತು. ಅವ್ವನ ಜಾಣತನವೇ ಅವಳ ಕತ್ತಿಗೆ ಬಂದಿತ್ತು.

ಅವ್ವ ಒಂದು ಗಾಜಿನ ಉಂಡೆಯ ಮೇಲೆ ಹೆಬ್ಬೆರಳಿನ ಉಗುರು ಆಡಿಸಿದಳು, ಸುತ್ತಲೂ, ಮೆಲ್ಲಗೆ. ಇನ್ನೊಂದರ ಮೇಲೂ ಆಡಿಸಿದಳು. “ಸಾಬ್ರೇ, ನನ್ನ ಗಂಟು ಊರಿಂದ ಇಲ್ಲಿಗೆ ಹೆಂಗೆ ಬತ್ತದೆ?”

“ಗಾಡಿಲಿ. ಇನ್ನೆಂಗೆ?”

“ಎಷ್ಟು ದಿನ?”

“ಮೂರು ದಿನ.”

“ಮೂರು ದಿನ ಆ ದಾರಿಲಿ ನನ್ನ ಸೊಂಟದ ಕೀಲೇ ಸಡ್ಲ ಆಯ್ತದೆ. ಗಂಟಲ್ಲಿ ಕೆಂಪು ಕೆಂಪಿಗೆ ಕುಟ್ಕೊಂತ ಬತ್ತದೆ. ಈ ಗಾಜು ಅದರ ಮಧ್ಯ ಇದ್ದಿದ್ರೆ ಮೈಯೆಲ್ಲ ಪರಚಿ ಬೆಳ್ಳಗಾಗ್ಬೇಕಿತ್ತು. ಇದು ನೋಡಿದ್ರೆ ಎಳೇ ಮಗೀನ ಅಂಗಾಲು ಇದ್ದಂಗೈತೆ.”

ಕ್ಷೌರಿಕ ಒಂದು ಉಂಡೆ ಎತ್ತಿ ಬೆರಳಿನಿಂದ ತಿಕ್ಕಿ ನೋಡಿದ.

“ಬಾಯಿಮಾತು,” ಅಂದರು ನಂದೀಶ್ವರಯ್ಯ. ಆದರೆ ಕೈ ಚೀಲದ ದಾರವನ್ನು ಸುತ್ತುತ್ತಿತ್ತು.

“ಅಂಗಾದ್ರೆ ನೀವೇ ಕೈಯಾರೆ ಮಾಡಿ. ನಾನು ಮುಟ್ಟಲ್ಲ.”

ಸಾಬರಿಗೆ ಅರ್ಥವಾಗಿ ಹೋಗಿತ್ತು. ಗಡ್ಡದೊಳಗೇ ನಗುತ್ತಾ ಒಂದು ಗೋಣಿ ಚೀಲ ತಂದು, ಅದಕ್ಕೆ ನಮ್ಮ ಮೂಟೆಯಿಂದ ಎರಡು ಬೊಗಸೆ ಕುರುಂದ ಹಾಕಿ, ಮೇಲೆ ಒಂದು ಗಾಜಿನ ಉಂಡೆ ಇಟ್ಟು, ಬಾಯಿ ಕಟ್ಟಿ ನಂದೀಶ್ವರಯ್ಯನವರ ಕೈಗೆ ಕೊಟ್ಟರು. “ಲೀಜಿಯೇ ಸಾವ್ಕಾರ್ರೇ. ನೀವೇ ಗಾಡಿ, ನೀವೇ ಎತ್ತು. ಅಂಗಳ ಏಳು ಸುತ್ತು ಹೊಡೀರಿ.”

ಹಣೆ ತುಂಬ ವಿಭೂತಿ, ಮೈಮೇಲೆ ಇಸ್ತ್ರಿ ಕೋಟು, ಕೈಯಲ್ಲಿ ಗೋಣಿ. ಅವರು ಮೊದಲು ನಡೆದರು. ಕ್ಷೌರಿಕ, “ಸ್ವಾಮಿ, ನಿಡುಗಲ್ ದಾರಿ ಇಷ್ಟು ನುಣ್ಣಗಿಲ್ಲ, ಸ್ವಲ್ಪ ಕುಲುಕಿಸಿ,” ಅಂದ. ಮಾಂಸದಂಗಡಿಯವನು ಎತ್ತು ಹೊಡೆಯುವವನ ಹಾಗೆ ನಾಲಿಗೆ ಲೊಚಗುಟ್ಟಿದ. ನಂದೀಶ್ವರಯ್ಯನ ಮುಖ ಆ ಗಾಜಿಗಿಂತ ಕೆಂಪಾಯಿತು. ಆದರೂ ಅರ್ಧಕ್ಕೆ ಬಿಡಲಿಲ್ಲ, ಏಳು ಸುತ್ತನ್ನೂ ಕುಲುಕಿಸುತ್ತಾ ಮುಗಿಸಿದರು. ಅದೊಂದಕ್ಕೆ ನಾನು ಅವರನ್ನು ಮೆಚ್ಚಿದೆ.

ಚೀಲ ಬಿಚ್ಚಿದರು. ಉಂಡೆಯನ್ನು ಬೇರೆ ಹುಡುಕಬೇಕಾಗಲಿಲ್ಲ. ಸುಣ್ಣದಲ್ಲಿ ಹೊರಳಿದಂತೆ ಮೈಯೆಲ್ಲ ಬಿಳಿ ಗೀರು, ಒಂದು ಕಡೆ ಚಕ್ಕೆ ಎದ್ದಿತ್ತು. ಅದರ ಪಕ್ಕದಲ್ಲಿ ಬಿದ್ದಿದ್ದ ಕುರುಂದಕ್ಕೆ ಏನೂ ಆಗಿರಲಿಲ್ಲ. ಸಾಬರು ಗೀರಿದ ಉಂಡೆಯನ್ನೂ ನುಣ್ಣಗಿನ ಉಂಡೆಯನ್ನೂ ಒಂದೊಂದು ಅಂಗೈಯಲ್ಲಿಟ್ಟು ಬೀದಿಯವರಿಗೆಲ್ಲ ತೋರಿಸಿದರು.

“ಏಳು ಸುತ್ತಿಗೇ ಹಿಂಗೆ. ಮೂರು ದಿನಕ್ಕೆ?” ಅಂದರು. ಆಮೇಲೆ ದನಿ ಇಳಿಸಿ, “ಸಾವ್ಕಾರ್ರೇ, ನಿಜ ಹೇಳಿ. ಎಲ್ಲಿ ತಗೊಂಡ್ರಿ ಇದನ್ನ?”

ನಂದೀಶ್ವರಯ್ಯ ಈಗ ಮಣೆಯ ಮೇಲೆ ಕೂತರು. ಬೆವರು ಒರೆಸಿಕೊಂಡರು. “ಕೊರಟಗೆರೆ ಸಂತೇಲಿ,” ಅಂದರು. “ಒಬ್ಬ ಬಂದಿದ್ದ. ಗುರುತಿಲ್ಲ. ನಿಡುಗಲ್ ಲಕ್ಕಮ್ಮ ಆರಿಸಿದ್ದು ಅಂದ.”

“ಅಂದ ತಕ್ಷಣ ತಗೊಂಡ್ಬಿಟ್ರಾ?”

“ಲಕ್ಕಮ್ಮನ ಹೆಸರು ಹೇಳಿದ್ಮೇಲೆ ನಾನು ಯಾವತ್ತು ನೋಡಿದ್ದೀನಿ ಸಾಬ್ರೇ? ಗಂಟಿನ ಜೊತೆಗೇ ಡಬ್ಬಿಗೆ ಹಾಕಿಟ್ಟೆ.” ಅವರು ಅವ್ವನ ಕಡೆ ತಿರುಗಿದರು. “ತಪ್ಪಾಯ್ತಮ್ಮ. ಆಡಬಾರದ ಮಾತು ಆಡ್ಬಿಟ್ಟೆ.”

ಆ ಕ್ಷಣ ನನಗೆ ಆದದ್ದನ್ನು ಹೇಗೆ ಬರೆಯಲಿ? ಎಲ್ಲೋ ಒಬ್ಬ ಗುರುತಿಲ್ಲದ ಮೋಸಗಾರ ಗಾಜನ್ನು ಕೆಂಪು ಅಂತ ಮಾರಬೇಕಾದರೆ ರಾಜರ ಹೆಸರು ಹೇಳಲಿಲ್ಲ, ಮೈಸೂರಿನ ದೊಡ್ಡ ಅಂಗಡಿಯ ಹೆಸರು ಹೇಳಲಿಲ್ಲ. ಓದು ಬರದ, ಕಣ್ಣು ಮಂಜಾದ, ನಿಡುಗಲ್ಲಿನ ಒಬ್ಬ ಹೆಂಗಸಿನ ಹೆಸರು ಹೇಳಿದ. ಆ ಹೆಸರು ಸಾಕಾಯಿತು. ನಾನು ಎದೆಯುಬ್ಬಿಸಿ ಬೀದಿಯವರ ಕಡೆ ತಿರುಗಿದೆ.

ಸಾಬರು ಎದ್ದು, “ಬೆಹೆನ್, ನನ್ನದೂ ತಪ್ಪು. ನಿನ್ನ ಕೇಳದೆ ಮಾತಾಡ್ದೆ. ಆರಿಸೋದು ನೀನೇ. ಮೂಟೆ ಒಳಗೆ ಹಾಕಿಸ್ತೀನಿ,” ಅಂದರು.

“ಹಾಕಿಸ್ಬೇಡಿ,” ಅಂದಳು ಅವ್ವ. “ಬಿಚ್ಚಿ ಸುರೀರಿ.”

“ಯಾಕೆ?”

“ಇದ್ರಾಗೆ ಅರ್ಧ ನನ್ನ ಮಗ ಆರಿಸಿರೋದು. ಇವತ್ತು ಗಾಜನ್ನ ಕಲ್ಲು ಅಂದವ್ನೆ.”

ನನ್ನ ಸಿಟ್ಟು ಮತ್ತೆ ಹತ್ತಿತು. “ಅವ್ವಾ! ಗೆದ್ದಾಯ್ತಲ್ಲ, ಈಗ ಯಾಕೆ? ಊರಿಗೆ ಹೋಗಿ ನೋಡಿದ್ರಾಗಲ್ವಾ?”

“ಊರಿಗೆ ಹೋದ್ಮೇಲೆ ಏನು ನೋಡ್ತೀಯ, ಕಲ್ಲು ಇಲ್ಲಿರ್ತದೆ. ಈಗ್ಲೇ ಸುರಿ. ಎಲ್ರೂ ಅವ್ರೆ, ನೋಡ್ಲಿ.”

ಸುರಿದೆ. ಅವಳು ಸಂಜೆಯವರೆಗೆ ಕೂತು ಒಂದು ಕಲ್ಲನ್ನೂ ಬಿಡದೆ ಕೈಯಾಡಿಸಿದಳು. ಖಾಜಾಬಿ ತಂದುಕೊಟ್ಟ ಚಹಾ ಆರಿಹೋಯಿತು. ನಂದೀಶ್ವರಯ್ಯನೂ ಮಧುಗಿರಿಯ ಬಸ್ಸು ತಪ್ಪಿಸಿಕೊಂಡು ಅಲ್ಲೇ ಕೂತಿದ್ದರು. ಕೊನೆಗೆ ಮೂರು ಕಲ್ಲು ಬೇರೆ ಬಂದವು. ಗಾಜಲ್ಲ, ಬೆಣಚು ಕಲ್ಲು. ಬೂದು ಮಣ್ಣು ಮೆತ್ತಿಕೊಂಡು ಕುರುಂದದಂತೆ ಕಾಣುತ್ತಿದ್ದವು. ಮೂರನ್ನೂ ಆರಿಸಿದವನು ನಾನೇ. ಅವಳು ಒಂದೊಂದನ್ನೂ ಎತ್ತಿ, “ಇದು ನಮ್ಮ ಮನೆ ತಪ್ಪು,” ಅಂತ ಹೇಳಿ ಬೀದಿಗೆ ಎಸೆದಳು. ಮೂರು ಸಲವೂ ಹೇಳಿದಳು. ಒಬ್ಬರೂ ನಗಲಿಲ್ಲ.

ಬೆಳಿಗ್ಗೆ ಅವಳನ್ನು ಕಳ್ಳಿ ಅಂದ ಜಾಗದಲ್ಲೇ ಅವಳು ತನ್ನ ಮಗನ ತಪ್ಪನ್ನು ಬೀದಿಗೆ ಎಸೆದಳು. ಆಗ ನನಗೆ ನೆಲ ಬಿರಿದು ಒಳಗೆ ಹೋಗಬೇಕು ಅನ್ನಿಸಿತ್ತು. ಮಾರನೆಯ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳಿಗಾಗಿ ಕಾಯುತ್ತಾ ಕೂತಿದ್ದಾಗ ನನಗೇ ತಿಳಿಯದಂತೆ ಅದು ತಿರುಗಿಕೊಂಡಿತು. ಅಂಥ ಕೈಯ ಕೆಳಗೆ ಬೆಳೆದವನು ನಾನು ಅಂತ ಹೆಮ್ಮೆಯಾಯಿತು.

ಶಿರಾದವರು ಅವತ್ತಿನಿಂದ ನನಗೆ ಗಾಜಿನ ಸಿದ್ದ ಅಂತ ಹೆಸರಿಟ್ಟಿದ್ದಾರೆ. ಮೊದಲ ಎರಡು ಸಲ ಹಾಗೆ ಕರೆದವರ ಕೊರಳಪಟ್ಟಿ ಹಿಡಿದೆ. ಈಗ ಹಿಡಿಯುವುದಿಲ್ಲ. ಹೋದ ತಿಂಗಳು ಒಬ್ಬ ಹೊಸಬ ಸಾಬರ ಅಂಗಳದಲ್ಲಿ ನನ್ನ ಕಡೆ ಬೆರಳು ತೋರಿಸಿ, “ಏ, ಅವ್ನೇ ಏನ್ರೋ ಗಾಜಿನ ಸಿದ್ದ?” ಅಂತ ಕೇಳಿದ.

“ನಾನೇ ಕಣಯ್ಯ,” ಅಂದೆ. “ಲಕ್ಕಮ್ಮನ ಮಗ. ಜೇಬಲ್ಲಿ ಕಲ್ಲಿದ್ರೆ ತೆಗಿ, ನೋಡಿ ಹೇಳ್ತೀನಿ. ಮೊದ್ಲು ಒಂದು ಲೋಟ ನೀರು ಕೊಡು.”